ವ್ಯಾಪಾರವನ್ನು ಕಲಿಯುವ ಬಗೆ

ವಾಚಕ ಮಹಾಶಯರಲ್ಲಿ ಹಲವರು ಈಚೆಗೆ ನಮ್ಮ ಮುಂದೆ ಒಂದೇ ಬಗೆಯ ಪ್ರಶ್ನೆಯನ್ನು ಇಡುತ್ತಿರುವರು. ಮಗನಾಗಲಿ ಮಗಳಾಗಲಿ ಪದವಿಯನ್ನು ಮುಗಿಸಿ ಮನೆಗೆ ಬಂದು, “ಮತ್ತೊಬ್ಬರ ಕೈಕೆಳಗೆ ನೌಕರಿ ಮಾಡಲೊಲ್ಲೆ, ಸ್ವಂತ ಉದ್ಯಮವನ್ನು ಹೂಡುವೆ, ಅದಕ್ಕೆ ಮುಂಚೆ ಎರಡು ವರ್ಷ ಎಂ.ಬಿ.ಎ. ಓದಬೇಕು, ಹಣವನ್ನು ಒದಗಿಸಿರಿ” ಎಂದು ಕೇಳಿದರೆ ಹೆತ್ತವರು ಏನೆಂದು ಉತ್ತರ ಕೊಡತಕ್ಕದ್ದು? ವಿದ್ಯೆಗೆ ಬೇಡವೆಂದು ಹೇಳಲು ಯಾವ ತಂದೆತಾಯಿಗಳಿಗೂ ಬಾಯಿ ಬಾರದು. ಬೇಕೆಂದರೋ, ಹಣದ ಮಾತು ಬರುವುದು. ಈ ಇಕ್ಕಟ್ಟಿನಲ್ಲಿ ಸಿಕ್ಕಿದವರಿಗೆ ನಮಗೆ ತಿಳಿದಮಟ್ಟಿಗೆ ನಾಲ್ಕು ಮಾತುಗಳನ್ನು ಹೇಳುವುದು ಈ ತಿಂಗಳ ಲೇಖನದ ಉದ್ದೇಶ.

ನಮ್ಮ ಹುತ್ರಿದುರ್ಗದ ಸೀಮೆಯಲ್ಲಿ ಇದು ಬರಿಯ ಕಾಲಹರಣದ ಚರ್ಚೆಯಲ್ಲ. ಇಲ್ಲಿಯ ಬಹುಮಂದಿ ಗೃಹಸ್ಥರ ಆಸ್ತಿಯೆಂದರೆ ಒಂದಿಷ್ಟು ರಾಗಿಯ ಹೊಲ, ಒಂದು ತುಂಡು ತೆಂಗಿನ ತೋಟ. ಕುಣಿಗಲ್ಲಿನ ಕಡೆಯ ಪರಿಚಿತ ಗೃಹಸ್ಥರೊಬ್ಬರು ತಮ್ಮ ಎರಡೆಕರೆ ತೋಟವನ್ನು ಅಡವಿಟ್ಟು ಮಗನನ್ನು ವ್ಯವಹಾರಶಾಲೆಗೆ ಕಳುಹಿಸುವ ಯೋಚನೆಯಲ್ಲಿರುವರು. ಹುಡುಗನ ಹಂಬಲವಾದರೂ ಏನು? ತೆಂಗಿನಕಾಯಿಯಿಂದ ಗಾಣದೆಣ್ಣೆ ತೆಗೆದು, ಸೀಸೆಗಳಲ್ಲಿ ತುಂಬಿ, ಬೆಂಗಳೂರಿನ ಅಂಗಡಿಗಳಿಗೆ ಒದಗಿಸಬೇಕೆಂಬುದು. ಹಂಬಲವು ಒಳ್ಳೆಯದೇ. ಆದರೆ ಎಣ್ಣೆಯ ವ್ಯಾಪಾರವನ್ನು ಕಲಿಯುವುದಕ್ಕಾಗಿ ಕಾಯಿ ಕೊಡುವ ತೋಟವನ್ನೇ ಪಣಕ್ಕೆ ಒಡ್ಡುವುದು ಸರಿಯೆ? ಪ್ರಶ್ನೆಯ ಮುಳ್ಳು ಇರುವುದು ಇಲ್ಲಿಯೇ.

ವ್ಯಾಪಾರವು ಶಾಸ್ತ್ರವೆಂಬ ಮಾತು ನಮ್ಮ ದೇಶಕ್ಕೆ ಹೊಸತೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಮೊದಲ ಬಾರಿಗೆ ಅಚ್ಚಿಗೆ ತಂದು ಲೋಕಕ್ಕೆ ಕೊಟ್ಟವರು ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದ ಮೊದಲಿನಲ್ಲಿಯೇ ಕೌಟಿಲ್ಯನು ವಿದ್ಯೆಗಳನ್ನು ನಾಲ್ಕಾಗಿ ವಿಭಾಗಿಸಿ, ಆನ್ವೀಕ್ಷಕಿ, ತ್ರಯೀ, ದಂಡನೀತಿಗಳ ಸಾಲಿನಲ್ಲಿ ವಾರ್ತೆಯನ್ನೂ ಕುಳ್ಳಿರಿಸಿರುವನು. ವಾರ್ತೆಯೆಂದರೆ ಇಂದಿನವರು ತಿಳಿಯುವ ಸುದ್ದಿಯಲ್ಲ. ಕೃಷಿ, ಪಶುಪಾಲನೆ, ವಾಣಿಜ್ಯ ಈ ಮೂರೂ ಕೂಡಿದ ಜೀವನೋಪಾಯದ ವಿದ್ಯೆ. ಮುಂದೆ, ಯಾವ ವಿದ್ಯೆಯನ್ನು ಯಾರಿಂದ ಕಲಿಯಬೇಕೆಂಬುದನ್ನೂ ಅವನು ವಿಂಗಡಿಸಿರುವನು. ವೇದವನ್ನೂ ತರ್ಕವನ್ನೂ ಶಿಷ್ಟರಿಂದ ಕಲಿಯಬೇಕು. ದಂಡನೀತಿಯನ್ನು ಹೇಳಬಲ್ಲವರಿಂದಲೂ ನಡೆಸಬಲ್ಲವರಿಂದಲೂ ಕಲಿಯಬೇಕು. ವಾರ್ತೆಯನ್ನಾದರೋ ಅಧ್ಯಕ್ಷರಿಂದ ಕಲಿಯಬೇಕು ಎಂಬುದು ಅವನ ಅಭಿಪ್ರಾಯ. ಅಧ್ಯಕ್ಷರೆಂದರೆ ಹೊಲ, ಗೋಮಾಳ, ಪಣ್ಯ ಮುಂತಾದ ಆಯಾ ಕಾರ್ಯವನ್ನು ತಲೆಯ ಮೇಲೆ ಹೊತ್ತು ನಡೆಸುವ ಅಧಿಕಾರಿಗಳು. ವಾರ್ತೆಗೆ ಪಂಡಿತರನ್ನು ಗುರುಗಳಾಗಿ ಹೇಳದೆ, ಕೈಯಲ್ಲಿ ಕೆಲಸವುಳ್ಳವರನ್ನು ಹೇಳಿದ ಈ ವಿವೇಚನೆ ನಮ್ಮ ಪ್ರಶ್ನೆಗೆ ಬಹಳ ಹತ್ತಿರದ್ದಾಗಿರುವುದು.

ಇನ್ನು ಈಗಿನ ವ್ಯವಹಾರಶಾಲೆಗಳ ವಿಚಾರ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ವಾರ್ಟನ್ ಶಾಲೆಯು 1881ರಲ್ಲಿಯೂ, ಹಾರ್ವರ್ಡಿನ ಶಾಲೆಯು 1908ರಲ್ಲಿಯೂ ಹುಟ್ಟಿದುವು. ನಮ್ಮ ದೇಶದಲ್ಲಿ ಕಲ್ಕತ್ತ, ಅಹಮದಾಬಾದುಗಳಲ್ಲಿ 1961ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಎಂಬ ಸಂಸ್ಥೆಗಳು ಏರ್ಪಟ್ಟು, 1973ರಲ್ಲಿ ಬೆಂಗಳೂರಿಗೂ ಅಂಥದೊಂದು ಬಂದಿತು. ರೈಲ್ವೆ, ಉಕ್ಕಿನ ಕಾರ್ಖಾನೆ, ಬ್ಯಾಂಕು ಮುಂತಾದ ದೊಡ್ಡ ಸಂಸ್ಥೆಗಳು ಬೆಳೆದಾಗ, ಅವುಗಳ ಒಡೆತನ ಒಂದು ಕಡೆ, ಆಡಳಿತ ಒಂದು ಕಡೆ ಆಗಿ, ಆಡಳಿತಕ್ಕೆ ತರಬೇತಾದವರು ಸಾವಿರಗಟ್ಟಲೆ ಬೇಕಾದರು. ಆ ಬೇಡಿಕೆಯನ್ನು ಪೂರೈಸುವುದು ಈ ಶಾಲೆಗಳ ಮುಖ್ಯ ಕಾರ್ಯವಾಯಿತು. ಲೆಕ್ಕಪತ್ರವನ್ನು ಓದುವ ಬಗೆ, ಪದಾರ್ಥದ ಅಸಲು ಬೆಲೆಯನ್ನು ಕಂಡುಹಿಡಿಯುವ ಬಗೆ, ಮಾರುಕಟ್ಟೆಯನ್ನು ಅಳೆಯುವ ಬಗೆ, ಜನರಿಂದ ಕೆಲಸ ತೆಗೆಯುವ ಬಗೆ ಇವೆಲ್ಲವನ್ನೂ ಅಲ್ಲಿ ಕ್ರಮವಾಗಿ ಹೇಳಿಕೊಡುವರು. ನಿಜವಾಗಿ ನಡೆದ ಕಂಪನಿಗಳ ಪ್ರಸಂಗಗಳನ್ನು ಮುಂದಿಟ್ಟು, “ನೀನಾಗಿದ್ದರೆ ಏನು ಮಾಡುತ್ತಿದ್ದೆ?” ಎಂದು ಕೇಳುವ ಪದ್ಧತಿಯೂ ಉಂಟು. ಇವು ಹುರುಳುಳ್ಳ ವಿದ್ಯೆಗಳೇ ಹೊರತು ಬೂಟಾಟಿಕೆಯಲ್ಲ.

ಆದರೆ ಶಾಲೆಯ ಪ್ರಸಂಗದಲ್ಲಿ ಮುಳುಗುವುದು ಮತ್ತೊಬ್ಬರ ಹಣ. ತಪ್ಪು ಉತ್ತರ ಕೊಟ್ಟವನಿಗೆ ಅಂಕ ಕಡಮೆಯಾದೀತು. ಶನಿವಾರ ಆಳುಗಳಿಗೆ ಬಟವಾಡೆ ಕೊಡಲು ಕೈಯಲ್ಲಿ ಕಾಸಿಲ್ಲದ ಸಂಕಟ ಅವನಿಗೆ ಬಾರದು. ಉದ್ಯಮಿಗೂ ವ್ಯವಸ್ಥಾಪಕನಿಗೂ ಇರುವ ಅಂತರವೆಲ್ಲ ಇಷ್ಟರಲ್ಲಿಯೇ ಅಡಗಿದೆ. ಕಟ್ಟಿದ ಮನೆಯನ್ನು ಒಪ್ಪವಾಗಿ ನಡೆಸುವವನು ಒಬ್ಬ; ಬಯಲಿನಲ್ಲಿ ನಿಂತು, ಕಲ್ಲು ಸಿಕ್ಕೀತೋ ಇಲ್ಲವೋ ಎಂದು ತಿಳಿಯದೆ, ತಳಪಾಯ ತೋಡುವವನು ಮತ್ತೊಬ್ಬ. ಮೊದಲನೆಯವನಿಗೆ ಶಾಲೆಯಿಂದ ಆಗುವಷ್ಟು ಉಪಕಾರ ಎರಡನೆಯವನಿಗೆ ಆಗುವುದಿಲ್ಲವೆಂದು ನಮಗೆ ತೋರುವುದು.

ಹಾಗಾದರೆ ಎರಡನೆಯವನು ಎಲ್ಲಿ ಕಲಿಯತಕ್ಕದ್ದು? ನಮ್ಮ ದುರ್ಗದ ಬುಡದಲ್ಲಿರುವ ಹಳ್ಳಿಗೆ ಸಂತೆಪೇಟೆಯೆಂದು ಹೆಸರು. ಸಂತೆಯೂ ಪೇಟೆಯೂ ಹಿಂದಿನಿಂದ ಈ ಸೀಮೆಯ ವಾರ್ತಾವಿದ್ಯೆಯ ಶಾಲೆಗಳಾಗಿದ್ದುವೆಂಬುದನ್ನು ಆ ಹೆಸರೇ ನೆನಪಿಗೆ ತರುವುದು. ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಜಿಲ್ಲೆಯ ಗುಬ್ಬಿಯನ್ನೇ ನೋಡೋಣ. ಗುಬ್ಬಿ ವೀರಣ್ಣನವರನ್ನು ಜನರು ನಟರೆಂದು ಕೊಂಡಾಡುವರು. ಅವರು ದೊಡ್ಡ ಉದ್ಯಮಿಗಳೂ ಆಗಿದ್ದರೆಂಬುದನ್ನು ಮರೆಯುವರು. 1884ರಲ್ಲಿ ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿಗೆ ಅವರು ಬಾಲನಟರಾಗಿ ಸೇರಿದರು. ಮುಂದೆ ಅದರ ಒಡೆಯರೇ ಆದರು. ನಾಟಕದ ಕಂಪನಿಯನ್ನು ನಡೆಸುವುದೆಂದರೆ ಸಾಮಾನ್ಯವೆ? ನೂರಾರು ಮಂದಿಗೆ ದಿನವೂ ಅನ್ನವಿಕ್ಕಬೇಕು. ಪರದೆ, ದೀಪ, ಉಡುಪುಗಳನ್ನು ಊರಿಂದೂರಿಗೆ ಸಾಗಿಸಬೇಕು. ಯಾವ ಊರಿನಲ್ಲಿ ಯಾವ ಕಾಲಕ್ಕೆ ಸುಗ್ಗಿಯ ಹಣ ಓಡಾಡುವುದೆಂದು ತಿಳಿದು ಬಿಡಾರ ಹೂಡಬೇಕು. ಮಳೆ ಬಂದು ಆಟ ನಿಂತರೆ ಆ ನಷ್ಟವನ್ನೂ ತಾಳಬೇಕು. ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನು ತಂದು ‘ಕುರುಕ್ಷೇತ್ರ’ವನ್ನು ಆಡಿಸಿದ ಧೈರ್ಯವು ಲೆಕ್ಕವಿಲ್ಲದ ಧೈರ್ಯವಾಗಿದ್ದರೆ ಕಂಪನಿ ಅಷ್ಟು ಕಾಲ ಬಾಳುತ್ತಿರಲಿಲ್ಲ. ಆ ಲೆಕ್ಕವನ್ನು ವೀರಣ್ಣನವರು ಕಲಿತದ್ದು ಬಿಡಾರದಲ್ಲಿ, ಕೆಲಸ ಮಾಡುವವರ ನಡುವೆ. ಕೌಟಿಲ್ಯನು ಹೇಳಿದ ಅಧ್ಯಕ್ಷರ ಬಳಿಯ ವ್ಯಾಸಂಗವೆಂದರೆ ಇದೇ.

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್, ಎಂದರೆ ಎಂ.ಟಿ.ಆರ್., ಮತ್ತೊಂದು ದೃಷ್ಟಾಂತ. ಉಡುಪಿಯ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಲಾಲ್‌ಬಾಗಿನ ಬಳಿ ಆರಂಭಿಸಿದ ಹೋಟೆಲು ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ಅವರು ರವೆಯಿಂದ ಇಡ್ಲಿ ಮಾಡಿದರು. ಸಹೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯನವರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿಯ ಉಪಾಹಾರಗೃಹಗಳು ಹೇಗೆ ನಡೆಯುವುವೆಂದು ಕಣ್ಣಾರೆ ಕಂಡು ಬಂದು, ತಮ್ಮ ಅಡಿಗೆಮನೆಯ ಶುಚಿತ್ವದ ಕ್ರಮವನ್ನೇ ತಿದ್ದಿದರು. ವಾಚಕರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಮಯ್ಯನವರು ಕಲಿಯಲು ಹೋದದ್ದು ಉದ್ಯಮ ಹುಟ್ಟಿ ಇಪ್ಪತ್ತೇಳು ವರ್ಷಗಳಾದ ಮೇಲೆ. ಏನನ್ನು ಕೇಳಬೇಕೆಂಬುದು ಆಗ ಅವರಿಗೆ ತಿಳಿದಿತ್ತು. ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹೋದವನಿಗೆ ಪರದೇಶದ ಅಡಿಗೆಮನೆಯೂ ವಿದ್ಯಾಲಯವಾಗುವುದು. ಪ್ರಶ್ನೆಯಿಲ್ಲದೆ ಹೋದವನಿಗೆ ವಿದ್ಯಾಲಯವೂ ಛತ್ರವಾಗುವುದು. ಮುಂದೆ 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರವು ತಿಂಡಿಗಳ ಬೆಲೆಯನ್ನು ಕಟ್ಟುಮಾಡಿದಾಗ ಹೋಟೆಲನ್ನು ಮುಚ್ಚಬೇಕಾಗಿ ಬಂದಿತು. ಕೆಲಸಗಾರರನ್ನು ಬೀದಿಗೆ ಬಿಡದೆ, ತಿಂಡಿಯ ಹಿಟ್ಟುಗಳನ್ನು ಪೊಟ್ಟಣ ಕಟ್ಟಿ ಮಾರುವ ದಾರಿಯನ್ನು ಅವರು ಹಿಡಿದರು. ಆ ಪೊಟ್ಟಣದ ವ್ಯಾಪಾರವು ಎಷ್ಟು ಬೆಳೆಯಿತೆಂದರೆ 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕಂಪನಿಯು ಅದನ್ನು ಕೊಂಡುಕೊಂಡಿತು.

ಇಷ್ಟನ್ನು ಓದಿದ ಕೆಲವರು ನಮ್ಮನ್ನು ತಡೆದು ಒಂದು ಆಕ್ಷೇಪವನ್ನು ಹೇಳಬಹುದು: “ಅಂಗಡಿಯ ಮನೆಯಲ್ಲಿ ಹುಟ್ಟಿದ ಮಗುವಿಗೆ ಗಲ್ಲಾಪೆಟ್ಟಿಗೆಯೇ ಬಾಲಬೋಧೆ. ತಕ್ಕಡಿ ಹಿಡಿಯುವುದನ್ನೂ ಕಡ ವಸೂಲು ಮಾಡುವುದನ್ನೂ ಅದು ಕೇಳದೆಯೇ ಕಲಿಯುವುದು. ಉಳುವವನ ಮಗನಿಗೆ, ಕೂಲಿಯವನ ಮಗಳಿಗೆ, ಮೇಷ್ಟರ ಮಕ್ಕಳಿಗೆ ಆ ಭಾಗ್ಯವೆಲ್ಲಿ? ಪೇಟೆಯ ಬಾಗಿಲು ಅವರಿಗೆ ತೆರೆಯುವುದು ಶಾಲೆಯಿಂದಲೇ ಅಲ್ಲವೆ?” ಈ ಆಕ್ಷೇಪದಲ್ಲಿ ಸತ್ಯವಿದೆ, ಲಘುವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ವ್ಯಾಪಾರವಿದ್ಯೆಯು ನಮ್ಮಲ್ಲಿ ಬಹುಕಾಲ ಕೆಲವು ಕುಲಗಳ ಸೊತ್ತಾಗಿತ್ತು. ಪರೀಕ್ಷೆಯನ್ನು ಬರೆದು ಯಾರು ಬೇಕಾದರೂ ಒಳಹೋಗಬಹುದಾದ ಶಾಲೆಯು ಆ ಗೋಡೆಯಲ್ಲಿ ಒಂದು ಬಾಗಿಲನ್ನು ಕೊರೆದಿರುವುದು ನಿಜ.

ಇದಕ್ಕೆ ಬೆಂಗಳೂರಿನ ಇಡ್ಲಿಯ ಹಿಟ್ಟೇ ಇನ್ನೊಮ್ಮೆ ಸಾಕ್ಷಿ. ಐಡಿ ಫ್ರೆಶ್ ಎಂಬ ಹೆಸರಿನ ಹಿಟ್ಟಿನ ಪೊಟ್ಟಣವನ್ನು ಪಟ್ಟಣವಾಸಿಗಳು ಬಲ್ಲರು. ಅದನ್ನು ಬೆಳೆಸಿದ ಪಿ. ಸಿ. ಮುಸ್ತಫಾ ಎಂಬವರು ಕೇರಳದ ವಯನಾಡಿನವರು, ದಿನಗೂಲಿಯವರ ಮಗ. ಆರನೆಯ ತರಗತಿಯಲ್ಲಿ ಅನುತ್ತೀರ್ಣರಾಗಿ ಓದನ್ನು ಬಿಟ್ಟಿದ್ದ ಅವರನ್ನು ಗಣಿತದ ಉಪಾಧ್ಯಾಯರೊಬ್ಬರು ಮತ್ತೆ ಶಾಲೆಗೆ ಕರೆತಂದರು. ಮುಸ್ತಫಾ ಎಂಜಿನಿಯರಿಂಗ್ ಓದಿ, ಹೊರದೇಶದಲ್ಲಿ ವರ್ಷಗಟ್ಟಲೆ ದುಡಿದು, ಹಣವನ್ನು ಉಳಿಸಿಕೊಂಡು ಬಂದು, ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದರು. ಅದೇ ಕಾಲದಲ್ಲಿ, 2005ರ ಸುಮಾರಿಗೆ, ಕಿರಾಣಿ ಅಂಗಡಿ ಇಟ್ಟಿದ್ದ ದಾಯಾದಿ ಸೋದರರೊಡನೆ ಸೇರಿ ಹಿಟ್ಟಿನ ವ್ಯಾಪಾರಕ್ಕೆ ಇಳಿದರು. ರಬ್ಬರ್ ಬಳೆ ಹಾಕಿ ಕಟ್ಟಿದ ಚೀಲದಲ್ಲಿ ಬರುತ್ತಿದ್ದ ಹಿಟ್ಟನ್ನು ಗಿರಾಕಿಗಳು ದೂರುತ್ತಿದ್ದುದನ್ನು ಕಂಡವರು ಅಂಗಡಿಯ ಸೋದರರು. ಕಂಡದ್ದನ್ನು ಲೆಕ್ಕಕ್ಕೂ ಕ್ರಮಕ್ಕೂ ತಂದು, ಊರೂರಿಗೆ ಬೆಳೆಸಿದವರು ಮುಸ್ತಫಾ. ಮೊದಲು ದಿನಕ್ಕೆ 100 ಪೊಟ್ಟಣಗಳ ಮಾರಾಟವನ್ನು ಮುಟ್ಟುವುದಕ್ಕೇ ತಿಂಗಳುಗಳು ಹಿಡಿದುವು. ಇಲ್ಲಿ ಶಾಲೆ ಫಲಿಸಿತು. ಏಕೆಂದರೆ ಒಂದು ಕಡೆ ಅಂಗಡಿಯ ಅನುಭವ, ಇನ್ನೊಂದು ಕಡೆ ದುಡಿದು ಉಳಿಸಿದ ಹಣ, ನಡುವೆ ಶಾಲೆಯ ವಿದ್ಯೆ, ಈ ಮೂರೂ ಒಂದೇ ವೇಳೆಯಲ್ಲಿ ಕೂಡಿದ್ದುವು. ಮೂರರಲ್ಲಿ ವಿದ್ಯೆಯೊಂದನ್ನೇ, ಅದೂ ಸಾಲದಿಂದ, ಕೊಂಡುಕೊಂಡವನ ಪಾಡು ಬೇರೆ.

ಆ ಪಾಡು ಎಂತಹದೆಂಬುದನ್ನು ಪಾಠಶಾಲೆಯ ಲೆಕ್ಕದಿಂದಲೇ ನೋಡಬಹುದು. ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸಂಸ್ಥೆಯಂಥ ಹೆಸರುವಾಸಿ ಶಾಲೆಯಲ್ಲಿ ಎರಡು ವರ್ಷದ ಶುಲ್ಕವು ಈಗ 20 ಲಕ್ಷ ರೂಪಾಯಿಗಳನ್ನು ಮೀರಿದೆ. 20 ಲಕ್ಷವನ್ನು ನೂರಕ್ಕೆ ಹತ್ತರ ಬಡ್ಡಿಯಲ್ಲಿ ಸಾಲ ತಂದು ಹತ್ತು ವರ್ಷಗಳಲ್ಲಿ ತೀರಿಸುವುದಾದರೆ, ಓದುವ ಕಾಲದ ಬಡ್ಡಿಯನ್ನು ಬಿಟ್ಟರೂ, ತಿಂಗಳ ಕಂತು 26,000 ರೂಪಾಯಿಗಳಿಗೆ ಮೇಲಾಗುವುದು. ಒಟ್ಟು ಕಟ್ಟುವ ಹಣ ಸುಮಾರು 31 ಲಕ್ಷ 70 ಸಾವಿರ. ಒಳ್ಳೆಯ ನೌಕರಿಗೆ ಸೇರಿದವನು ಈ ಕಂತನ್ನು ಸುಲಭವಾಗಿ ಕಟ್ಟಿಯಾನು. ನೌಕರಿಯನ್ನು ಅಪೇಕ್ಷಿಸುವವನಿಗೆ ಆದ್ದರಿಂದ ಈ ವಿದ್ಯೆಯು ನಷ್ಟದ ಬಾಬಲ್ಲ. ಆದರೆ ಉದ್ಯಮ ಹೂಡುವವನ ಮೊದಲ ಒಂದೆರಡು ವರ್ಷಗಳಲ್ಲಿ ಲಾಭವೆಂಬುದೇ ಇರದು. ತನ್ನ ಊಟಕ್ಕೆ ಸಾಲುವಷ್ಟು ಸಿಕ್ಕಿದರೆ ಪುಣ್ಯ. ಅಂಥವನ ಬಾಗಿಲಿಗೆ ತಿಂಗಳು ತಿಂಗಳೂ ಕಂತಿನವನು ಬಂದು ನಿಂತರೆ ಅವನು ಏನು ಮಾಡಿಯಾನು? ಉದ್ಯಮದ ಆಸೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ನೌಕರಿಗೆ ಹೊರಡುವನು. ಯಾವ ಸ್ವಾತಂತ್ರ್ಯಕ್ಕಾಗಿ ಆ ಶಾಲೆಗೆ ಸೇರಿದನೋ ಆ ಸ್ವಾತಂತ್ರ್ಯವನ್ನೇ ಶಾಲೆಯ ಸಾಲವು ಕಸಿದುಕೊಳ್ಳುವುದು. ನಮ್ಮ ವಾದದ ತಿರುಳೆಲ್ಲ ಇಷ್ಟೇ: ಹೊಸ ಉದ್ಯಮಿಗೆ ಬೇಕಾದ ಮೊದಲ ಬಂಡವಾಳವೆಂದರೆ ಒಂದೆರಡು ಸಲ ಸೋತರೂ ಮನೆ ಮುಳುಗದಿರುವಂಥ ಅನುಕೂಲ; ಅದನ್ನು ಮಾರಿ ಕೊಳ್ಳುವ ಯಾವ ವಿದ್ಯೆಯೂ ಅವನಿಗೆ ತುಟ್ಟಿಯೇ.

ಸೋಲಿನ ಮಾತು ಬಂದುದರಿಂದ ಇನ್ನೊಬ್ಬರನ್ನು ನೆನೆಯಬೇಕು. ಎನ್. ಆರ್. ನಾರಾಯಣಮೂರ್ತಿಗಳು ಮೈಸೂರಿನಲ್ಲಿಯೂ ಕಾನ್ಪುರದಲ್ಲಿಯೂ ಎಂಜಿನಿಯರಿಂಗ್ ಓದಿದವರು. ಅಹಮದಾಬಾದಿನ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲಿ ಇದ್ದುದೂ ಉಂಟು. ಆದರೆ ಅಲ್ಲಿಯ ವಿದ್ಯಾರ್ಥಿಯಾಗಿ ಅಲ್ಲ, ಕಂಪ್ಯೂಟರಿನ ಕೆಲಸಗಾರರಾಗಿ. ಅವರು ಮೊದಲು ಹೂಡಿದ ಸಾಫ್ಟ್‌ರಾನಿಕ್ಸ್ ಎಂಬ ಉದ್ಯಮವು ನೆಲೆಗೊಳ್ಳಲಿಲ್ಲ. ಬಳಿಕ ಮತ್ತೊಂದು ಕಂಪನಿಯಲ್ಲಿ ನೌಕರಿ ಮಾಡಿ, 1981ರಲ್ಲಿ, ಪತ್ನಿ ಸುಧಾಮೂರ್ತಿಯವರು ಉಳಿತಾಯದಿಂದ ಕೊಟ್ಟ 10,000 ರೂಪಾಯಿಗಳೊಡನೆ, ಆರು ಮಂದಿ ಜೊತೆಗಾರರನ್ನು ಕೂಡಿಕೊಂಡು ಇನ್ಫೋಸಿಸ್ಸನ್ನು ಆರಂಭಿಸಿದರು. ಸೋತ ಮೊದಲನೆಯ ಉದ್ಯಮವೇ ಅವರು ತೆತ್ತ ಶುಲ್ಕವೆಂದು ಹೇಳಬಹುದು. ಆ ಜೊತೆಗಾರರಲ್ಲಿ ಒಬ್ಬರಾದ ಎನ್. ಎಸ್. ರಾಘವನ್ ಅವರ ಹೆಸರಿನಲ್ಲಿ ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲಿ ಹೊಸ ಉದ್ಯಮಿಗಳಿಗೆ ನೆರವಾಗುವ ಕೇಂದ್ರವೊಂದು ಈಗ ನಡೆಯುತ್ತಿದೆ. ಉದ್ಯಮದಿಂದ ಶಾಲೆಗೆ ವಿದ್ಯೆ ಹರಿದ ಈ ಸಂಗತಿ ಸ್ವಾರಸ್ಯವಾದುದು.

ಹಾಗೆಂದು ಲೆಕ್ಕ ತಿಳಿಯದವನನ್ನು ನೇರವಾಗಿ ಪೇಟೆಗೆ ದೂಡಿರೆಂದು ನಾವು ಹೇಳುವುದಿಲ್ಲ. ಕಡಮೆ ಖರ್ಚಿನ, ಚಿಕ್ಕ ಅವಧಿಯ ಶಾಲೆಗಳೂ ಉಂಟು; ಅವುಗಳ ವಿಚಾರ ಮನೆಮಂದಿಗೆ ಅಷ್ಟಾಗಿ ತಿಳಿಯದಿರುವುದು ಶೋಚನೀಯ. ದಕ್ಷಿಣಕನ್ನಡದ ಉಜಿರೆಯಲ್ಲಿ 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಾಯದೊಡನೆ, ರುಡ್‌ಸೆಟಿ ಎಂಬ ಸಂಸ್ಥೆ ಹುಟ್ಟಿತು. ಹಳ್ಳಿಯ ತರುಣ ತರುಣಿಯರನ್ನು ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಇರಿಸಿಕೊಂಡು, ಊಟ ವಸತಿಗಳನ್ನು ಉಚಿತವಾಗಿ ಕೊಟ್ಟು, ಹೊಲಿಗೆ, ಹೈನುಗಾರಿಕೆ, ಯಂತ್ರಗಳ ದುರಸ್ತಿ ಮುಂತಾದ ಕಸಬುಗಳನ್ನೂ ಅವುಗಳಿಗೆ ಬೇಕಾದ ಲೆಕ್ಕ ವ್ಯವಹಾರಗಳನ್ನೂ ಅಲ್ಲಿ ಕಲಿಸುವರು. ಕಲಿತು ಹೋದ ಮೇಲೆ ಕೈಬಿಡದೆ, ಬ್ಯಾಂಕಿನ ಸಾಲ ದೊರೆಯುವಂತೆ ನೋಡುವುದು, ಉದ್ಯಮ ನಡೆಯುತ್ತಿದೆಯೇ ಎಂದು ವಿಚಾರಿಸುವುದು ಇವೂ ಅವರ ಕ್ರಮ. ಈ ಪದ್ಧತಿಯನ್ನು ಮೆಚ್ಚಿ ಕೇಂದ್ರ ಸರ್ಕಾರವು 2009ರಿಂದ ದೇಶದ ಜಿಲ್ಲೆಗಳಲ್ಲೆಲ್ಲ ಬ್ಯಾಂಕುಗಳ ಮೂಲಕ ಇಂಥ ಸಂಸ್ಥೆಗಳನ್ನು ಏರ್ಪಡಿಸಲು ತೊಡಗಿತು. ಇದಲ್ಲದೆ, ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸಂಸ್ಥೆಯ ಅಧ್ಯಾಪಕರ ಹಲವು ಪಾಠಗಳು ಸ್ವಯಂ ಎಂಬ ಸರ್ಕಾರಿ ಜಾಲತಾಣದಲ್ಲಿ ಮನೆಯಲ್ಲಿಯೇ ಕುಳಿತು ಕೇಳಲು ದೊರೆಯುವುವು. ಕೇಳುವುದಕ್ಕೆ ಶುಲ್ಕವಿಲ್ಲ, ಪರೀಕ್ಷೆಗೆ ಕುಳಿತು ಪ್ರಮಾಣಪತ್ರ ಬೇಕೆಂದರೆ ಮಾತ್ರ ಅಲ್ಪ ವೆಚ್ಚ. ಇಪ್ಪತ್ತು ಲಕ್ಷ ಕೊಟ್ಟವರಿಗೆ ಸಿಗುವ ಸಹಪಾಠಿಗಳ ಬಳಗವೂ ಶಾಲೆಯ ಹೆಸರೂ ಇದರಿಂದ ಸಿಗಲಾರವು. ಲೆಕ್ಕದ ಪಾಠವಂತೂ ಸಿಗುವುದು.

ಆದುದರಿಂದ ನಮ್ಮ ಅಭಿಮತವನ್ನು ಸಂಗ್ರಹವಾಗಿ ಹೇಳುವೆವು. ದೊಡ್ಡ ಸಂಸ್ಥೆಗಳಲ್ಲಿ ಆಡಳಿತದ ಕೆಲಸವನ್ನು ಬಯಸುವವರು ಒಳ್ಳೆಯ ವ್ಯವಹಾರಶಾಲೆ ಸಿಕ್ಕಿದರೆ ಧಾರಾಳವಾಗಿ ಸೇರಲಿ. ಕೆಲವು ವರ್ಷ ದುಡಿದು, ತಮ್ಮದೇ ಹಣವನ್ನು ಕೂಡಿಟ್ಟು, ಉದ್ಯಮವೊಂದರ ಪ್ರಶ್ನೆಗಳನ್ನು ತಲೆಯಲ್ಲಿ ಹೊತ್ತವರೂ ಸೇರಲಿ. ತಂದೆಯ ಉದ್ಯಮ ಬೆಳೆದು, ಅದನ್ನು ಕ್ರಮಗೊಳಿಸಬೇಕಾದ ಮಕ್ಕಳೂ ಸೇರಲಿ. ಆದರೆ ಇಪ್ಪತ್ತೆರಡರ ಪ್ರಾಯದಲ್ಲಿ, ಒಂದು ದಿನವೂ ಒಂದು ವಸ್ತುವನ್ನೂ ಮಾರದೆ, ಮನೆಯ ಭೂಮಿಯನ್ನು ಅಡವಿಟ್ಟು, ‘ಉದ್ಯಮಿಯಾಗಲು’ ಶಾಲೆಗೆ ಹೋಗುವುದು ವಿವೇಕವಲ್ಲ. ಹೆಸರಿಲ್ಲದ ಶಾಲೆಗೆ ಹಾಗೆ ಹೋಗುವುದಂತೂ ಎರಡರಷ್ಟು ಅವಿವೇಕ. ಅಲ್ಲಿ ಸಾಲ ಮಾತ್ರ ನಿಶ್ಚಯ, ನೌಕರಿಯೂ ಅನಿಶ್ಚಯ.

ಕುಣಿಗಲ್ಲಿನ ಗೃಹಸ್ಥರಿಗೂ ಇದನ್ನೇ ಹೇಳಿದೆವು. ಹುಡುಗನು ಮೊದಲು ಒಂದು ವರ್ಷ ತಿಪಟೂರಿನ ಕೊಬ್ಬರಿಯ ಮಂಡಿಯಲ್ಲಿಯೋ ಎಣ್ಣೆಯ ಗಿರಣಿಯಲ್ಲಿಯೋ ಸಿಕ್ಕಿದ ಸಂಬಳಕ್ಕೆ ದುಡಿಯಲಿ. ಕಾಯಿ ಯಾವ ತಿಂಗಳಲ್ಲಿ ಅಗ್ಗ, ತೇವ ಉಳಿದ ಕೊಬ್ಬರಿಯಿಂದ ಎಣ್ಣೆ ಎಷ್ಟು ಬೇಗ ಕಮಟುವುದು, ಅಂಗಡಿಯವನು ಎಷ್ಟು ದಿನದ ಕಡ ಕೇಳುವನು, ಒಡೆದ ಸೀಸೆಯ ನಷ್ಟ ಯಾರದು, ಇವೆಲ್ಲ ಅಲ್ಲಿ ತಿಳಿಯುವುವು. ರಾತ್ರಿ ಬಿಡುವಿನಲ್ಲಿ ಲೆಕ್ಕಪತ್ರದ ಪಾಠಗಳನ್ನು ಕೇಳಲಿ. ಎರಡನೆಯ ವರ್ಷ ಮನೆಯ ತೋಟದ ಕಾಯಿಯಿಂದಲೇ ನೂರು ಸೀಸೆ ಎಣ್ಣೆ ಮಾಡಿಸಿ ಮಾರಿ ನೋಡಲಿ. ಮಾರಿಹೋದರೆ ಇನ್ನೂರು ಮಾಡಲಿ. ಮಾರದೆ ಉಳಿದರೆ ಮನೆಯವರು ಹಚ್ಚಿಕೊಳ್ಳಲಿ. ತೋಟವು ತೋಟವಾಗಿಯೇ ಇರುವುದು. ಆಮೇಲೂ ಎಂ.ಬಿ.ಎ. ಬೇಕೆಂದು ತೋರಿದರೆ ಅದು ಎಲ್ಲಿಗೂ ಓಡಿಹೋಗದು. ಹುಡುಗನು ಅಲ್ಲಿಗೆ ತನ್ನ ಪ್ರಶ್ನೆಗಳೊಡನೆ ಹೋಗುವನು. ಗೃಹಸ್ಥರು ಇನ್ನೂ ಒಂದು ನಿಶ್ಚಯಕ್ಕೆ ಬಂದಿಲ್ಲ. ಮಗನ ಮನಸ್ಸು ನೋಯುವುದೆಂಬ ಅಂಜಿಕೆ ಅವರಿಗೆ. ಅಂಜಿಕೆ ಸಹಜವೇ. ಆದರೆ ಮಗನಿಗೆ ನಿಜವಾಗಿ ಉದ್ಯಮದ ಒಲವಿದ್ದರೆ ಮಂಡಿಯ ಧೂಳು ಅವನನ್ನು ಹೆದರಿಸಲಾರದು. ಹೆದರಿಸಿದರೆ, ಆ ಅರಿವು ಇಪ್ಪತ್ತು ಲಕ್ಷ ಕೊಡದೆ ಬಂದ ಅರಿವಾಯಿತು.

ಕೊನೆಯದಾಗಿ, ಇನ್ನೂ ಚಿಕ್ಕ ಮಕ್ಕಳುಳ್ಳ ವಾಚಕರಿಗೆ ಒಂದು ಬಿನ್ನಹ. ಮನೆಯ ತಿಂಗಳ ಜಮಾಖರ್ಚನ್ನು ಹತ್ತು ಹನ್ನೆರಡು ವರ್ಷದ ಮಗುವಿನ ಕೈಯಲ್ಲಿ ಬರೆಯಿಸಿರಿ. ಸಂತೆಗೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ, ಒಂದು ಕೈಚೀಲ ತರಕಾರಿಯನ್ನು ಅದೇ ಕೊಂಡುಕೊಳ್ಳಲಿ. ಹಿತ್ತಿಲಲ್ಲಿ ಹೆಚ್ಚಾದ ನಿಂಬೆಹಣ್ಣನ್ನೋ ಕರಿಬೇವನ್ನೋ ಅದೇ ಮಾರಲಿ. ಬಂದ ಕಾಸು ಅದರದೇ ಆಗಲಿ, ನಷ್ಟವಾದರೆ ನಷ್ಟವೂ ಅದರದೇ ಆಗಲಿ. ಗಂಡು ಮಕ್ಕಳಂತೆಯೇ ಹೆಣ್ಣು ಮಕ್ಕಳಿಗೂ ಈ ಅಭ್ಯಾಸವಿರಲಿ. ಅಂಗಡಿಯ ಮನೆಯಲ್ಲಿ ಹುಟ್ಟದ ಮಕ್ಕಳಿಗೆ ಗಲ್ಲಾಪೆಟ್ಟಿಗೆಯ ಪಾಠವನ್ನು ಹೀಗೆ ನಾವೇ ಮನೆಯಲ್ಲಿ ಆರಂಭಿಸಬಹುದು. ಮುಂದೆ ಅವರು ಯಾವ ಶಾಲೆಗೆ ಹೋದರೂ, ಹೋಗದಿದ್ದರೂ, ಈ ಮೊದಲ ಪಾಠವು ಅವರೊಡನೆ ಇರುವುದು.